ರಾಸ್ಕೋ ಕುಗ್ಗಿದ ದಿನ

೨೦೧೯ರ ಸೆಪ್ಟೆಂಬರ್ ೩೦, ಬೆಳಿಗ್ಗೆ ಆರು ಗಂಟೆ ನಲವತ್ತು ನಿಮಿಷಕ್ಕೆ ರಾಸ್ಕೋ ಪೆಟ್‌ವೇ ಎಂದಿನಂತೆ ತಲೆ ತಗ್ಗಿಸಿಯೇ ಮಲಗುವ ಕೋಣೆಯಿಂದ ಹೊರಬಂದ. ಆದರೂ ಬಾಗಿಲಿನ ಚೌಕಟ್ಟು ಹಣೆಗೆ ಬಡಿಯಿತು. ರಾತ್ರಿ ಮಲಗಿದಾಗ ಬೆನ್ನುಮೂಳೆಯ ನಡುವಿನ ಮೆತ್ತೆಗಳು ನೀರು ಹೀರಿ ಉಬ್ಬುತ್ತವೆ, ಹಗಲಿನ ಭಾರಕ್ಕೆ ಕುಗ್ಗುತ್ತವೆ. ಮನುಷ್ಯ ಅತಿ ಎತ್ತರವಿರುವುದು ಬೆಳಿಗ್ಗೆ. ರಾಸ್ಕೋಗೆ ಅಂದು ಬೇಡವಾಗಿದ್ದುದೂ ಅದೇ.

ಹಿಂದಿನ ದಿನ ಅವನ ಬಾಸ್ಕೆಟ್‌ಬಾಲ್ ತಂಡದ ಕೋಚ್ ಮರಾಸ್ಕೋ ಹೇಳಿದ್ದ: "ಈ ಸಲ ಎಲ್ಲರನ್ನೂ ಬರಿಗಾಲಲ್ಲಿ ಅಳೀಬೇಕಂತೆ ಕಣಯ್ಯಾ. ನೀನೂ ಆ ಹೊಸ ಹುಡುಗ ಬ್ರೈಸೂ ಇಬ್ರೂ ಪಟ್ಟೀಲಿ ಏಳಡಿ. ನಾಳೆ ಸಂಜೆ ಎತ್ತರ ಬಂದೋನು ಬುಟ್ಟಿ ಕೆಳಗೆ. ಗಿಡ್ಡ ಬಂದೋನು ಹೊರಗೆ ನಿಂತು ದೂರದಿಂದ ಎಸೀಲಿ."

ಹನ್ನೆರಡು ವರ್ಷ ಬುಟ್ಟಿಯ ಕೆಳಗೆ ರಾಸ್ಕೋನದೇ ರಾಜ್ಯ. ಅವನ ಊರು ಟೊಲೆಡೊದ ಜನ ಅವನನ್ನು ಕೋಟೆ ಎನ್ನುತ್ತಿದ್ದರು. ಆದರೆ ಕೋಟೆಯ ಪಕ್ಕೆಲುಬುಗಳಿಗೆ ಬಿದ್ದ ಮೊಣಕೈಗಳ ಲೆಕ್ಕ ಕೋಟೆಗೇ ಗೊತ್ತು. ಗೂಟಕ್ಕೆ ಒದ್ದೆ ಕೋಟುಗಳಂತೆ ಎದುರಾಳಿಗಳು ಅವನಿಗೆ ನೇತುಬೀಳುತ್ತಿದ್ದರು. ಬದುಕಿನಲ್ಲಿ ಒಂದು ಋತುವಾದರೂ ಗಾಳಿಯಾಡುವ ಕಡೆ ನಿಂತು, ದೂರದಿಂದ ಚೆಂಡೆಸೆಯಬೇಕೆಂಬುದು ಅವನ ಒಂದೇ ಆಸೆ.

ಆದ್ದರಿಂದ ಕುಗ್ಗಬೇಕು. ಹೆಗಲಿನ ಮೇಲೆ ಎರಡು ಉಪ್ಪಿನ ಮೂಟೆ ಹೊತ್ತು ಅವನು ಹಿತ್ತಲಲ್ಲಿ ನಡೆಯತೊಡಗಿದ.

ಪಕ್ಕದ ಮನೆಯ ಮಿಸೆಸ್ ಕೊವಾಲ್ ಬೇಲಿಯ ಮೇಲಿಂದ ಇಣುಕಿದಳು. "ಏನೋ ರಾಸ್ಕೋ, ಮನೆ ಖಾಲಿ ಮಾಡ್ತಿದ್ದೀಯಾ?"

"ಇಲ್ಲಮ್ಮಾ, ಸಂಜೆ ಎತ್ತರ ಅಳೀತಾರೆ. ಅದಕ್ಕೇ..."

"ಅಯ್ಯೋ ಪಾಪಿ, ಮೂಟೆ ಹೊತ್ರೆ ಕುಗ್ಗೋಗ್ತೀಯಲ್ಲೋ! ನಮ್ಮ ಬೀದಿ ಏಳಡಿ ಕಣೋ ನೀನು! ಸ್ಟಾನ್, ಬಾ ಇಲ್ಲಿ! ಕ್ಷೌರದಂಗಡಿಯವನನ್ನೂ ಕರಿ!"

ಗಿಡ್ಡವಾಗಬೇಕೆಂದು ಆ ಬೀದಿಯಲ್ಲಿ ಬಾಯಿಬಿಡುವುದು ಸಾಧ್ಯವೇ? ಅವಳ ಗಂಡ ಸ್ಟಾನ್ ಕಾಲು ಹಿಡಿದ, ಕ್ಷೌರಿಕ ಕಂಕುಳು ಹಿಡಿದ. ಗ್ಯಾರೇಜಿನ ನೆಲದ ಮೇಲೆ ರಾಸ್ಕೋನನ್ನು ಹಿಟ್ಟಿನ ಎಳೆಯಂತೆ ಎಳೆದರು.

"ಉಸಿರು ಬಿಡಪ್ಪಾ, ಇನ್ನರ್ಧ ಇಂಚು ಬರ್ತಾನೆ!" ಎಂದ ಸ್ಟಾನ್.

"ಸಾಕು ಬಿಡ್ರೋ!"

"ನಾಚ್ಕೋಬೇಡ. ಬೀದಿ ಮಾನದ ಪ್ರಶ್ನೆ."

ಅಲ್ಲಿಂದ ತಪ್ಪಿಸಿಕೊಂಡು ಕ್ರೀಡಾಂಗಣಕ್ಕೆ ಬಂದರೆ, ತಂಡದ ಅಂಗಮರ್ದಕಿ ಲೂಪೆ ಕಾದೇ ಇದ್ದಳು. ಮಿಸೆಸ್ ಕೊವಾಲ್ ಫೋನ್ ಮಾಡಿದ್ದಳಂತೆ. "ಭಯ ಬೀಳಬೇಡ ಅಣ್ಣಾ, ನಾನಿದ್ದೀನಿ," ಎಂದವಳೇ ಅವನನ್ನು ತಲೆಕೆಳಗಾಗಿ ತೂಗುಹಾಕಿದಳು. ಬಾವಲಿಯಂತೆ ನೇತಾಡುತ್ತ ರಾಸ್ಕೋ ತನ್ನ ಮೆತ್ತೆಗಳು ಒಂದೊಂದಾಗಿ ಬಿಚ್ಚಿಕೊಳ್ಳುವುದನ್ನು ಅನುಭವಿಸಿದ.

ಅವಳು ಊಟಕ್ಕೆ ಹೋದದ್ದೇ ತಡ, ಇಳಿದು ಓಡಿದ. ಚೆಂಡುಗಳ ದೊಡ್ಡ ಚೀಲಗಳೆರಡನ್ನು ಬೆನ್ನಿಗೇರಿಸಿ, ಒದ್ದೆ ಟವೆಲುಗಳ ಗಂಟನ್ನು ತಲೆಯ ಮೇಲಿಟ್ಟು, ಪ್ರೇಕ್ಷಕರ ಮೆಟ್ಟಿಲುಗಳನ್ನು ಸಂಜೆಯವರೆಗೆ ಹತ್ತಿಳಿದ.

"ಯಾವ ಪಾಪಕ್ಕೋ ಈ ಪ್ರಾಯಶ್ಚಿತ್ತ?" ಎಂದು ಜೊತೆಗಾರರು ಕೆಳಗಿನಿಂದ ಕೂಗಿದರು. ರಾಸ್ಕೋ ಗಂಟನ್ನು ತಲೆಯ ಮೇಲೆ ಸರಿಮಾಡಿಕೊಂಡು ಮತ್ತೆ ಮೇಲಕ್ಕೆ ಹೊರಟ.

ಐದು ಗಂಟೆಗೆ ಅಳತೆ. ಬರಿಗಾಲು, ಗೋಡೆಗೆ ಬೆನ್ನು. ಲೂಪೆ ನೆತ್ತಿಯ ಮೇಲೆ ಹಲಗೆ ಒತ್ತಿದಳು. "ಆರು ಅಡಿ ಹನ್ನೊಂದೂ ಮುಕ್ಕಾಲು ಇಂಚು." ಅವಳ ಕಣ್ಣಲ್ಲಿ ನೀರು. "ಕ್ಷಮಿಸಣ್ಣಾ, ಇನ್ನೊಂದು ತಾಸು ನೇತುಹಾಕ್ಬೇಕಿತ್ತು."

"ಪರವಾಗಿಲ್ಲ ಬಿಡು ತಾಯಿ," ಎಂದ ರಾಸ್ಕೋ, ನಗು ಅಡಗಿಸಲು ಕೆಮ್ಮುತ್ತ. ಆಗಲೇ ಅವನ ಮನಸ್ಸು ದೂರದ ಗೆರೆಯಾಚೆ ನಿಂತು ಎಸೆಯುತ್ತಿತ್ತು.

"ಬ್ರೈಸ್, ನೀನು ಬಾರೋ," ಎಂದ ಕೋಚ್.

ಬ್ರೈಸ್ ಲಿಂಡ್‌ಕ್ವಿಸ್ಟ್ ಬೆಂಚಿನ ಮೇಲೆ ಕೂತು ಬೂಟು ಬಿಚ್ಚಿದ. ಬೂಟಿನೊಳಗಿಂದ ದಪ್ಪ ಬೆಣೆಯೊಂದು ಬಿತ್ತು. ಕಾಲುಚೀಲ ಬಿಚ್ಚಿದ, ಅದರೊಳಗೆ ಇನ್ನೊಂದು ಕಾಲುಚೀಲ. ಎದ್ದು ನಿಂತವನ ಹೂಕೋಸಿನಂಥ ಕೂದಲಿನ ಮೇಲೆ ಲೂಪೆ ಹಲಗೆ ಒತ್ತಿದಳು. ಹಲಗೆ ಇಳಿಯಿತು, ಇಳಿಯುತ್ತಲೇ ಹೋಯಿತು.

"ಲೇ, ಏಳಡಿ ಅಂತ ಬರೆಸಿದ್ಯಲ್ಲೋ!" ಎಂದು ರಾಸ್ಕೋ ಕಿರುಚಿದ.

"ಎಲ್ರೂ ಸೇರಿಸಿ ಬರೆಸ್ತಾರಣ್ಣಾ," ಎಂದ ಬ್ರೈಸ್, ನಿಜವಾಗಿಯೂ ಅಚ್ಚರಿಗೊಂಡು. "ನೀನು ಸೇರಿಸಿರ್ಲಿಲ್ವಾ?"

ಕೋಚ್ ಚೆಂಡನ್ನು ರಾಸ್ಕೋನ ಎದೆಗೆ ಎಸೆದು ಬುಟ್ಟಿಯ ಕಡೆ ಬೆರಳು ತೋರಿಸಿದ. ಲೂಪೆ ಹಲಗೆ ಹಿಡಿದು ಅಂಕಿ ಓದಿದಳು: ಆರು ಅಡಿ ಎಂಟೂವರೆ ಇಂಚು.