ಮಗಳನ್ನು ಶಿಖರದಿಂದ ಇಳಿಸಿಕೊಡಿ

ಬೀದರ ನಗರದ ನಮ್ಮ ಶಾಲೆಯ ಗಣಿತ ಮಟ್ಟ ನಿರ್ಧಾರ ಸಮಿತಿಯ ಅಧ್ಯಕ್ಷರ ಸನ್ನಿಧಾನಕ್ಕೆ,

ಮಾನ್ಯರೇ,

ತಾವೂ, ತಮ್ಮ ಸಮಿತಿಯ ಆರು ಜನ ಸದಸ್ಯರೂ, ತಮ್ಮೆಲ್ಲರಿಗಿಂತ ಹಿರಿಯ ಸ್ಥಾನದಲ್ಲಿರುವ ತಮ್ಮ ಕಂಪ್ಯೂಟರೂ ಕ್ಷೇಮವೆಂದು ನಂಬಿ, ಔರಾದ ತಾಲೂಕಿನಲ್ಲಿ ಹದಿನೆಂಟು ವರ್ಷಗಳಿಂದ ಜನರ ಹೊಲ ಅಳೆದು ಬದುಕುತ್ತಿರುವ ಸರ್ವೇಯರ್ ಅಮರನಾಥನಾದ ನಾನು, ಈ ವರ್ಷ ತಮ್ಮಲ್ಲಿ ಆರನೇ ತರಗತಿಗೆ ಸೇರಿರುವ ಉಮಾಶ್ರೀಯ ತಂದೆಯಾಗಿ ಈ ಪತ್ರವನ್ನು ಬಹಿರಂಗವಾಗಿ ಬರೆಯುತ್ತಿದ್ದೇನೆ. ಬಹಿರಂಗವಾಗಿ ಏಕೆಂದರೆ, ಲಕೋಟೆಯಲ್ಲಿಟ್ಟು ಕೊಟ್ಟ ನನ್ನ ಮೂರು ಅರ್ಜಿಗಳನ್ನು ತಮ್ಮ ಕಚೇರಿಯವರು ಎಷ್ಟು ಜೋಪಾನವಾಗಿ ಇಟ್ಟಿದ್ದಾರೆಂದರೆ, ಅವುಗಳ ಅಂಟು ಇನ್ನೂ ಬಿಚ್ಚಿಲ್ಲ.

ಮೊದಲಿಗೆ ತಮ್ಮ ವ್ಯವಸ್ಥೆಯನ್ನು ಹೊಗಳದೆ ಮುಂದೆ ಹೋದರೆ ನನಗೆ ಪಾಪ ತಟ್ಟೀತು. ನನ್ನ ಕಸುಬಿನಲ್ಲಿ ಅರ್ಧ ಎಕರೆ ಬರಡು ನೆಲದ ಗಡಿ, ನಮ್ಮ ಮಾತಿನಲ್ಲಿ ಹದ್ದು, ಗುರುತಿಸಬೇಕಾದರೂ ಸುತ್ತಲಿನ ಹೊಲದವರಿಗೆಲ್ಲ ನೋಟೀಸು ಕೊಡಬೇಕು, ನಕಾಶೆ ತೆಗೆಯಬೇಕು, ಎಲ್ಲರ ಎದುರು ಟೇಪು ಹಿಡಿಯಬೇಕು, ಯಾರಾದರೂ ಒಪ್ಪದಿದ್ದರೆ ಮತ್ತೆ ಅಳೆಯಬೇಕು. ತಾವಾದರೋ ಹನ್ನೊಂದು ವರ್ಷದ ಮಗುವನ್ನು ನಲವತ್ತು ನಿಮಿಷ ಪರದೆಯ ಮುಂದೆ ಕೂಡಿಸಿ, ನಲವತ್ತು ಪ್ರಶ್ನೆ ತೋರಿಸಿ, ಅದು ಮುಂದಿನ ಮೂರು ವರ್ಷ ಎಷ್ಟು ಗಣಿತ ಕಲಿಯಬೇಕೆಂದು ಒಂದೇ ಅಳತೆಗೆ ಗೊತ್ತುಮಾಡುತ್ತೀರಿ. ಅದಕ್ಕಾಗಿ ತಾವು ಮಾಡಿರುವ ಶಿಖರ, ಇಳಿಜಾರು, ಬಯಲು ಎಂಬ ಮೂರು ಮಟ್ಟಗಳ ಹೆಸರುಗಳಂತೂ ಕಾವ್ಯವೇ ಸರಿ. ಶಿಖರದವರಿಗೆ ಬೀಜಗಣಿತ ಈ ವರ್ಷವೇ, ಇಳಿಜಾರಿನವರಿಗೆ ಮುಂದಿನ ವರ್ಷ, ಬಯಲಿನವರಿಗೆ ಎಂಟನೆಯ ತರಗತಿ ಮುಗಿಯುವವರೆಗೆ ಇಲ್ಲ ಎಂದು ತಮ್ಮ ಪುಸ್ತಿಕೆಯಲ್ಲಿ ಓದಿದೆ. ಬೀಜವನ್ನು ಬೆಟ್ಟದ ತುದಿಗೆ ಬಿತ್ತಿ ಬಯಲನ್ನು ಬೀಳು ಬಿಡುವ ಈ ಒಕ್ಕಲುತನ ಕಪ್ಪು ಮಣ್ಣಿನ ನಮ್ಮ ಜಿಲ್ಲೆಯವರಿಗೆ ಇದುವರೆಗೆ ಹೊಳೆದಿರಲಿಲ್ಲ.

ಜೂನ್ ತಿಂಗಳ ಮೊದಲ ಶುಕ್ರವಾರ ನನ್ನ ಮೊಬೈಲಿಗೆ ತಮ್ಮ ಸಂದೇಶ ಬಂತು: ‘ಅಭಿನಂದನೆಗಳು. ತಮ್ಮ ಮಗು ಬಯಲು ಮಟ್ಟಕ್ಕೆ ಆಯ್ಕೆಯಾಗಿದೆ.’ ನಾವು ಬಸವಾದಿ ಶರಣರನ್ನು ನಂಬಿದ ಮನೆಯವರು. ಬಯಲಾಗುವುದೆಂದರೆ ಇದರಾಚೆ ಮುಟ್ಟಬೇಕಾದದ್ದು ಏನೂ ಉಳಿಯದ ಸ್ಥಿತಿ ಎಂದು ಕೇಳಿ ಬೆಳೆದವರು. ಜೀವಮಾನವೆಲ್ಲ ಸಾಧನೆ ಮಾಡಿ ಮುಟ್ಟುವ ಆ ನೆಲೆಯನ್ನು ನನ್ನ ಮಗಳು ನಲವತ್ತು ನಿಮಿಷಗಳಲ್ಲಿ, ಅದೂ ಮೌಸ್ ಹಿಡಿಯಲು ಬಾರದೆ, ಮುಟ್ಟಿದಳಲ್ಲ ಎಂದು ನಾನು ಸಂತೋಷಪಡಬೇಕಾಗಿತ್ತು. ಪಡಲಿಲ್ಲ. ಅದನ್ನು ಇಲ್ಲಿ ಒಪ್ಪಿಕೊಳ್ಳುವುದು ನನ್ನ ಕರ್ತವ್ಯ.

ನಾನು ಮಾಡಿದ್ದೇನೆಂದರೆ, ಔರಾದದ ಬಸ್ಸಿಳಿದು ಬೀದರಿನ ಮನೆಗೆ ಬಂದವನೇ ಮಗಳನ್ನು ಎದುರಿಗೆ ನಿಲ್ಲಿಸಿಕೊಂಡು ಬೈದೆ. ಅವಳು ಹೇಳಿದ್ದು ಒಂದೇ ಮಾತು: “ಹನ್ನೊಂದನೇ ಪ್ರಶ್ನಿಗಿ ಸರಿ ಉತ್ತರನೇ ಇರ್ಲಿಲ್ಲಪ್ಪ.” ನಾನು, “ಕಂಪ್ಯೂಟರ್ ಸುಳ್ಳ ಹೇಳ್ತದೇನು? ನೀನೇ ಓದಿಲ್ಲ, ಈಗ ನೆವ ಹೇಳಬ್ಯಾಡ,” ಎಂದೆ. ಎರಡು ದಿನ ಕಳೆದು ಭಾನುವಾರ ಬಂತು. ಭಾನುವಾರಗಳಂದು ಅವಳು ನನ್ನ ಜೊತೆ ಹೊಲಕ್ಕೆ ಬಂದು ಟೇಪಿನ ಇನ್ನೊಂದು ತುದಿ ಹಿಡಿಯುವುದು ನಮ್ಮಿಬ್ಬರ ರೂಢಿ. ಎಂಟು ವರ್ಷದವಳಿದ್ದಾಗಿನಿಂದ ತಪ್ಪಿಸಿದವಳಲ್ಲ. ಅಂದು ನಾನು ಟೋಪಿ ಹಾಕಿಕೊಂಡು ಕರೆದರೆ, ಹಾಸಿಗೆಯಿಂದ ಏಳದೆ, “ನೀ ಹೋಗಪ್ಪ. ನನಗ ಲೆಕ್ಕ ಬರಂಗಿಲ್ಲಂತ ಬರದಾರಲ್ಲ,” ಎಂದಳು. ನನ್ನ ಹೆಂಡತಿ ದಾನಮ್ಮ ಒಲೆಯ ಮುಂದಿನಿಂದಲೇ ಕೇಳಿದಳು: “ಬೈದಿರಿ, ಆಯ್ತು. ಪ್ರಶ್ನಿ ಏನಿತ್ತಂತ ಕೇಳೀರೇನು?”

ಕೇಳಿರಲಿಲ್ಲ. ಆಗ ಕೇಳಿದೆ.

ಆ ಪ್ರಶ್ನೆಯನ್ನು ತಾವು ಮರೆತಿರಬಹುದು, ಜಿಲ್ಲೆಯ ಉಳಿದವರು ತಿಳಿಯಲೆಂದು ಬರೆಯುತ್ತೇನೆ. ಒಬ್ಬ ರೈತನ ಹೊಲ 2.20 ಎಕರೆ, ಅವನ ತಮ್ಮನ ಹೊಲ 1.30 ಎಕರೆ, ಇಬ್ಬರದೂ ಕೂಡಿ ಎಷ್ಟು? ನಮ್ಮ ಕಡೆ ಪಹಣಿ ನೋಡಿದ ಯಾರನ್ನಾದರೂ ಕೇಳಿ, ಎಕರೆಯ ಮುಂದಿನ ಅಂಕಿ ಗುಂಟೆಯದು, ನಲವತ್ತು ಗುಂಟೆಗೆ ಒಂದು ಎಕರೆ. ಎರಡು ಎಕರೆ ಇಪ್ಪತ್ತು ಗುಂಟೆಗೆ ಒಂದು ಎಕರೆ ಮೂವತ್ತು ಗುಂಟೆ ಕೂಡಿಸಿದರೆ ನಾಲ್ಕು ಎಕರೆ ಹತ್ತು ಗುಂಟೆ. ಉಮಾಶ್ರೀ ಅದನ್ನು ಮನಸ್ಸಿನಲ್ಲೇ ಕೂಡಿಸಿ ಪರದೆಯ ನಾಲ್ಕು ಉತ್ತರಗಳಲ್ಲಿ ಹುಡುಕಿದ್ದಾಳೆ. ಇದ್ದದ್ದು 3.50, 3.05, 35 ಮತ್ತು 4. ಸರಿಯಿಲ್ಲದ ಉತ್ತರವನ್ನು ಒತ್ತಬಾರದೆಂದು ಕಲಿಸಿದವನು ನಾನೇ; ಒಂದನ್ನು ಒತ್ತದೆ ಮುಂದಿನ ಪ್ರಶ್ನೆಗೆ ಹೋಗಬಾರದೆಂದು ನಿಯಮ ಮಾಡಿದವರು ತಾವು. ನಮ್ಮಿಬ್ಬರ ನಡುವೆ ಸಿಕ್ಕಿಕೊಂಡು ಅವಳು ಉಳಿದ ಇಪ್ಪತ್ತೇಳು ನಿಮಿಷ ಕೈ ಕಟ್ಟಿ ಕುಳಿತಿದ್ದಾಳೆ. ನಲವತ್ತರಲ್ಲಿ ಹತ್ತು ಅಂಕ. ಮುಟ್ಟಿದ ಹತ್ತೂ ಸರಿ ಎಂಬುದು ತಮ್ಮ ಸಂದೇಶದಲ್ಲಿ ಇರಲಿಲ್ಲ.

ನನ್ನ ಕಣ್ಣಿನ ಮುಂದೆ ಆ ಇಪ್ಪತ್ತೇಳು ನಿಮಿಷ ನಿಂತುಬಿಟ್ಟವು, ಮಾನ್ಯರೇ. ಅವಳ ಹಾಸಿಗೆಯ ಅಂಚಿಗೆ ಕುಳಿತು, “ನಂದ ತಪ್ಪಾತವ್ವ,” ಎಂದೆ. ಅವಳು ಗೋಡೆಯ ಕಡೆ ಮುಖ ಮಾಡಿಕೊಂಡೇ, “ಸಾಲ್ಯಾಗ ಹೋಗಿ ಹೇಳ್ತೀಯೇನು?” ಎಂದಳು.

ಸೋಮವಾರ ರಜೆ ಹಾಕಿ ಹೇಳಲು ಬಂದೆ. ಇಳಿಜಾರಿನ ಮಕ್ಕಳಿಗೆ ಗಣಿತ ಹೇಳಿಕೊಡುವ ನಿಖತ ಮೇಡಂ ಅವರು ಕಂಪ್ಯೂಟರ್ ತೆರೆದು ಪ್ರಶ್ನೆಯನ್ನು ಎರಡು ಸಲ ಓದಿದರು, ಆಮೇಲೆ ನಕ್ಕರು. “ಮನ್ನಳ್ಳಿ ಊರಾಗ ನಮ್ಮ ಅಬ್ಬಾರದೂ ಹೊಲ ಅದರಿ. ಅವರಿಗಿ ಕೇಳಿದ್ರ ನಾಕ ಎಕರಿ ಹತ್ತ ಗುಂಟಿನೇ ಅಂತಾರ. ಆದ್ರ ಇದು ಬದಲ್ ಮಾಡೋದು ನನ್ನ ಕೈಯಾಗ ಇಲ್ರಿ, ಅಧ್ಯಕ್ಷರಿಗಿ ಬರೀರಿ,” ಎಂದರು. ಬರೆದೆ. ಆ ಮೂರು ಲಕೋಟೆಗಳ ಯೋಗಕ್ಷೇಮವನ್ನು ಆರಂಭದಲ್ಲೇ ತಿಳಿಸಿದ್ದೇನೆ. ನಾಲ್ಕನೆಯ ಬಾರಿಗೆ ಲಕೋಟೆಯ ಬದಲು ಮಗಳನ್ನೇ ಕರೆದುಕೊಂಡು ತಮ್ಮ ಕೋಣೆಯ ಹೊರಗೆ ಬೆಂಚಿನ ಮೇಲೆ ಕುಳಿತೆ. ಮಧ್ಯಾಹ್ನ ಊಟಕ್ಕೆ ಹೊರಟ ತಾವು ನಮ್ಮನ್ನು ದಾಟಿ ಹೋಗಲು ದಾರಿಯಿಲ್ಲದೆ ಒಳಗೆ ಕರೆದಿರಿ.

ತಾವು ಅಂದು ಹೇಳಿದ ಮಾತು ನನ್ನ ಡೈರಿಯಲ್ಲಿದೆ: “ನೋಡ್ರಿ ಅಮರನಾಥ ಅವರ, ಹೊಲದ ಲೆಕ್ಕ ಬ್ಯಾರೆ, ಗಣಿತ ಬ್ಯಾರೆ.” ಹದಿನೆಂಟು ವರ್ಷ ನಾನು ಯಾವುದನ್ನು ಮಾಡಿಕೊಂಡು ಬಂದೆ ಎಂದು ಯೋಚಿಸತೊಡಗಿದೆ. ತಾವು ಉಮಾಶ್ರೀಗೆ ಸೀಮೆಸುಣ್ಣ ಕೊಟ್ಟು, ಅದೇ ಲೆಕ್ಕವನ್ನು ಹಲಗೆಯ ಮೇಲೆ ಬಿಡಿಸಲು ಹೇಳಿದಿರಿ. ಅವಳು ಎರಡು ಸಂಖ್ಯೆ ಬರೆದು, ಚುಕ್ಕಿಯ ಕೆಳಗೆ ಬೆರಳಿಟ್ಟು ನಿಂತಳು. “ಸರ್, ಇದು ದಶಾಂಶದ ಚುಕ್ಕಿ ಆದ್ರ ಮೂರೂವರಿ ಎಕರಿರಿ. ಪಹಣಿ ಚುಕ್ಕಿ ಆದ್ರ ನಾಕ ಎಕರಿ ಹತ್ತ ಗುಂಟಿರಿ. ಪ್ರಶ್ನ್ಯಾಗ ಹೊಲ ಅಂತ ಅದ, ಹೊಲಕ್ಕ ಯಾವ ಚುಕ್ಕಿ ಹಾಕ್ತಾರ್ರಿ?”

ತಾವು ಹಲಗೆಯನ್ನು ಇನ್ನೊಮ್ಮೆ ನೋಡಿ ನಕ್ಕಿರಿ. ಆ ನಗು ದೊಡ್ಡ ಮನಸ್ಸಿನದು, ಇದನ್ನು ವ್ಯಂಗ್ಯವಿಲ್ಲದೆ ಹೇಳುತ್ತೇನೆ. “ಈ ಹುಡುಗಿ ಬಯಲಿನ್ಯಾಗ ಇರೋಳಲ್ಲ. ಇವತ್ತಿಂದ ಶಿಖರ,” ಎಂದು ಕಂಪ್ಯೂಟರಿನವರಿಗೆ ಹೇಳಿಕಳಿಸಿದಿರಿ. ನಾನು ಮನಸ್ಸಿನಲ್ಲೇ ಆಗಲೇ ಭಾಲ್ಕಿಯ ನಮ್ಮತ್ತೆ ಶಾಂತಾಬಾಯಿಯವರಿಗೆ ಫೋನು ಹಚ್ಚಿ, ಓಣಿಗೆಲ್ಲ ಪೇಡೆ ಹಂಚಲು ಹೇಳಿಬಿಟ್ಟಿದ್ದೆ. ಆಗ ನನ್ನ ಮಗಳು ಸೀಮೆಸುಣ್ಣವನ್ನು ಮೇಜಿನ ಮೇಲಿಟ್ಟು ಹೇಳಿದಳು: “ಶಿಖರ ಬ್ಯಾಡ್ರಿ ಸರ್. ನನಗ ಭಿನ್ನರಾಶಿ ಭಾಗಾಕಾರ ಬರಂಗಿಲ್ರಿ. ಐದನೇದಾಗ ಟೈಫಾಯ್ಡ್ ಬಂದು ತಿಂಗಳಾನಗಟ್ಲೆ ಸಾಲಿಗಿ ಹೋಗಿಲ್ರಿ. ನಡುವಿಂದು ಕೊಡ್ರಿ, ಕಲ್ತು ಮ್ಯಾಲ ಹೋಗ್ತೇನಿ.”

ನಾನು ಅವಳ ಭುಜ ಹಿಂಡಿದೆ. ಸುಮ್ಮನಿರು ಎಂಬ ಅರ್ಥದಲ್ಲಿ. ತಾವು ನೋಡಿರಲಾರಿರಿ, ಅವಳಿಗೆ ತಿಳಿಯಿತು.

ಇಳಿಜಾರಿನ ನಲವತ್ತು ಸೀಟುಗಳೂ ಭರ್ತಿಯಾಗಿವೆ, ಯಂತ್ರ ನಲವತ್ತೊಂದನೆಯ ಹೆಸರನ್ನು ತೆಗೆದುಕೊಳ್ಳುವುದಿಲ್ಲ ಎಂದಿರಿ; ಶಿಖರಕ್ಕೆ ಹೋಗಬಲ್ಲ ಮಗು ಕೆಳಗೆ ಕೂಡುವುದು ಶಾಲೆಯ ಹೆಸರಿಗೂ ಒಳ್ಳೆಯದಲ್ಲ ಎಂದಿರಿ. ಮೂರು ದಿನಗಳಲ್ಲಿ ಶಾಲೆಯ ಗೇಟಿಗೆ ಆಳೆತ್ತರದ ಬ್ಯಾನರ್ ಬಂತು: ‘ಬಯಲಿನಿಂದ ಶಿಖರಕ್ಕೆ, ನಮ್ಮ ಹೆಮ್ಮೆಯ ಉಮಾಶ್ರೀ.’ ನಾನು ಅದರ ಮುಂದೆ ನಿಂತು ಫೋಟೋ ತೆಗೆಸಿಕೊಂಡಿದ್ದೂ ನಿಜ. ಹಿಂದಿನ ವಾರ ಲೆಕ್ಕ ಬಾರದವಳು ಈ ವಾರ ಜಿಲ್ಲೆಗೇ ಮಾದರಿಯಾದಳು. ನಡುವೆ ಅವಳು ಹೊಸದಾಗಿ ಕಲಿತದ್ದು ಏನೂ ಇರಲಿಲ್ಲ.

ಶಿಖರದಲ್ಲಿ ಮೊದಲ ದಿನವೇ ಭಿನ್ನರಾಶಿಗಳ ನಡುವೆ ಬೀಜಗಣಿತದ ಒಂದು ಅಕ್ಷರ ಬಂದು ಕುಳಿತಿತಂತೆ. ಎರಡನೆಯ ದಿನ ಸಂಜೆ ಉಮಾಶ್ರೀ ನೋಟುಪುಸ್ತಕ ತಂದು ನನ್ನ ಮುಂದಿಟ್ಟಳು, ಪುಟದ ತುಂಬ ಸರಿ ಗುರುತು. ನಾನು ಶಹಬ್ಬಾಸ್ ಎನ್ನುವ ಮೊದಲೇ ಹೇಳಿದಳು: “ಬಾಜೂಕ ಕೂಡೋ ಫರಹತಂದು ನೋಡಿ ಬರಕೊಂಡೀನಪ್ಪ. ಅಕಿ ಉತ್ತರ ಎಲ್ಲ ಸರಿ ಅದಾವ. ಅದರಾಗ ನಂದೇನೂ ಇಲ್ಲ.” ಮೂರನೆಯ ದಿನ ಗಣಿತದ ಗಂಟೆ ಹೊಡೆದಾಗ, ಯಾರನ್ನೂ ಕೇಳದೆ ಚೀಲ ಎತ್ತಿಕೊಂಡು ಇಳಿಜಾರಿನ ಕೋಣೆಗೆ ಹೋಗಿ ಬಾಗಿಲಲ್ಲಿ ನಿಂತಿದ್ದಾಳೆ. ನಲವತ್ತು ಮಕ್ಕಳಿಗೆ ನಲವತ್ತು ಕುರ್ಚಿ. ನಿಖತ ಮೇಡಂ ಅವಳನ್ನೊಮ್ಮೆ ನೋಡಿ, ತಮ್ಮ ಕುರ್ಚಿಯನ್ನು ಎಳೆದು ಮಕ್ಕಳ ಸಾಲಿಗೆ ಹಾಕಿ, “ನಾ ಹ್ಯಾಂಗೂ ನಿಂತೇ ಪಾಠ ಹೇಳ್ತೇನಿ. ನೀ ಕೂಡು,” ಎಂದರಂತೆ.

ಅಂದಿನಿಂದ ದಿನವೂ ಹನ್ನೊಂದು ಗಂಟೆಗೆ, ನಾನು ಯಾವುದಾದರೂ ಬದುವಿನ ಮೇಲೆ ನಿಂತಿರುವಾಗ, ತಮ್ಮ ಯಂತ್ರದಿಂದ ಸಂದೇಶ ಬರುತ್ತದೆ: ‘ತಮ್ಮ ಮಗು ಗಣಿತದ ಅವಧಿಗೆ ಗೈರುಹಾಜರಾಗಿದೆ.’ ಮಗು ಶಾಲೆಯಲ್ಲಿ ಗಣಿತ ಕಲಿಯುತ್ತಿದೆ ಎಂಬುದಕ್ಕೆ ಇದಕ್ಕಿಂತ ಖಚಿತವಾದ ರಸೀದಿ ಬೇರೆ ಯಾವ ಪಾಲಕನಿಗೂ ಸಿಗುತ್ತಿರಲಾರದು. ದಾಖಲೆಯಲ್ಲಿ ಒಬ್ಬನ ಹೆಸರು, ಉಳುಮೆ ಇನ್ನೊಬ್ಬನದು ಎಂಬ ಹೊಲಗಳನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಶಿಖರದಲ್ಲಿ ದಾಖಲಾಗಿ ಇಳಿಜಾರಿನಲ್ಲಿ ಬೆಳೆಯುವ ಮಗುವನ್ನು ಕಂಡದ್ದು ಇದೇ ಮೊದಲು.

ಬೆಳೆಯುತ್ತಿದ್ದಾಳೆ ಎಂಬ ಮಾತಿಗೆ ಸಾಕ್ಷಿ ಕೊಡುತ್ತೇನೆ. ಹೋದ ವಾರ ದಾನಮ್ಮನ ಕೈಯಿಂದ ಅರ್ಧ ರೊಟ್ಟಿ ಇಸಿದುಕೊಂಡು, ಅದರಲ್ಲಿ ಕಾಲು ರೊಟ್ಟಿಗಳೆಷ್ಟು ಎಂದು ಕೇಳಿ, ಎರಡಾಗಿ ಮುರಿದು ತೋರಿಸಿ, “ಭಾಗಾಕಾರ ಮಾಡಿದ್ರೂ ದೊಡ್ಡದಾಗ್ತದ ನೋಡವ್ವ,” ಎಂದಳು. ಅವಳ ಮುಖದಲ್ಲಿ ಅಂಥ ಬೆಳಕನ್ನು ನಾನು ಬ್ಯಾನರಿನಲ್ಲಿ ಕಂಡಿರಲಿಲ್ಲ. ಮೊನ್ನೆ ಭಾನುವಾರ ನಾನು ಕರೆಯುವ ಮೊದಲೇ ಚಪ್ಪಲಿ ಮೆಟ್ಟಿಕೊಂಡು ಹೊರಗೆ ನಿಂತಿದ್ದಳು. ಜನವಾಡದ ಹತ್ತಿರ ಒಂದು ತೊಗರಿ ಹೊಲದಲ್ಲಿ ಮಧ್ಯಾಹ್ನದವರೆಗೆ ಟೇಪು ಹಿಡಿದಳು. ಅಲ್ಲಿ ಅಣ್ಣತಮ್ಮಂದಿರಿಬ್ಬರೂ ತಮ್ಮ ಹದ್ದು ಇನ್ನೂ ಆಚೆಗಿದೆ, ಇನ್ನೂ ಆಚೆಗಿದೆ ಎಂದು ನನ್ನನ್ನು ಬೇವಿನ ಗಿಡದಿಂದ ಬಾವಿಗೆ, ಬಾವಿಯಿಂದ ಬೇವಿನ ಗಿಡಕ್ಕೆ ನಡೆಸುತ್ತಿದ್ದಾಗ ನನಗೊಂದು ಮಾತು ಹೊಳೆಯಿತು. ಈ ಹದಿನೆಂಟು ವರ್ಷಗಳಲ್ಲಿ, ‘ನನ್ನದು ಇಲ್ಲಿಯವರೆಗೆ ಮಾತ್ರ, ಅದರಾಚೆ ನನ್ನದಲ್ಲ’ ಎಂದು ತಾನಾಗಿ ಹದ್ದು ತೋರಿಸಿದವರು ನನಗೆ ಒಬ್ಬರೇ ಸಿಕ್ಕಿದ್ದಾರೆ. ಆಕೆ ಅದನ್ನು ತಮ್ಮ ಕೋಣೆಯಲ್ಲಿ ತೋರಿಸಿದಾಗ ತಮ್ಮ ಯಂತ್ರಕ್ಕೆ ಕಿವಿ ಇರಲಿಲ್ಲ, ನನಗೆ ಇದ್ದೂ ಇರಲಿಲ್ಲ.

ಆದ್ದರಿಂದ ಮಾನ್ಯರೇ, ನನ್ನ ಬೇಡಿಕೆಗಳು ಚಿಕ್ಕವು. ಮಗಳನ್ನು ದಾಖಲೆಯಲ್ಲೂ ಶಿಖರದಿಂದ ಇಳಿಸಿ, ಅವಳು ಕುಳಿತಿರುವ ಜಾಗಕ್ಕೆ ಅವಳ ಹೆಸರು ಹಚ್ಚಿಕೊಡಬೇಕು. ನಲವತ್ತರ ಮುಂದೆ ಎಣಿಸಲು ತಮ್ಮ ಯಂತ್ರಕ್ಕೆ ಬಾರದಿದ್ದರೆ ಅದನ್ನು ಬಯಲು ಮಟ್ಟದಲ್ಲಿ ಕೂಡಿಸಿ ಕಲಿಸಬೇಕು. ಅಲ್ಲಿ ಒಳ್ಳೆಯ ಮಕ್ಕಳಿದ್ದಾರೆ, ಹೇಳಿಕೊಡುತ್ತಾರೆ. ಆ ಮಕ್ಕಳಲ್ಲಿ ಹನ್ನೊಂದನೆಯ ಪ್ರಶ್ನೆಯ ಮುಂದೆ ಕೈ ಕಟ್ಟಿ ಕುಳಿತವರು ಇನ್ನೆಷ್ಟು ಜನ ಎಂದು ಪಟ್ಟಿ ತೆಗೆಸಿ, ಅವರನ್ನು ಒಬ್ಬೊಬ್ಬರನ್ನಾಗಿ ಕರೆದು, ಯಾವುದು ಬರುತ್ತದೆ, ಯಾವುದು ಬರುವುದಿಲ್ಲ ಎಂದು ಬಾಯಿಬಿಟ್ಟು ಕೇಳಬೇಕು. ಇದು ಅಸಾಧ್ಯವೆನ್ನಿಸಿದರೆ, ಯಂತ್ರವನ್ನು ಒಂದು ಭಾನುವಾರ ನನ್ನ ಜೊತೆ ಕಳಿಸಿ, ಟೇಪಿನ ತುದಿ ಹಿಡಿದು ಬಿಸಿಲಲ್ಲಿ ನಿಂತರೆ ಅದಕ್ಕೂ ಕೇಳುವ ಬುದ್ಧಿ ಬಂದೀತು. ಕೊನೆಯದಾಗಿ, ನಿಖತ ಮೇಡಂ ಅವರಿಗೆ ಒಂದು ಕುರ್ಚಿ ಕೊಡಿಸಬೇಕು.

ಇಷ್ಟನ್ನು ತಾವು ನೆರವೇರಿಸುವಿರೆಂಬ ಭರವಸೆಯಿಂದ, ಮೇಲೇರಿಸಿದ್ದಕ್ಕೆ ಕೃತಜ್ಞನಾಗಿ, ಕೆಳಗಿಳಿಸಿದರೆ ಇನ್ನೂ ಹೆಚ್ಚು ಕೃತಜ್ಞನಾಗಲು ಸಿದ್ಧನಿರುವ

ತಮ್ಮ ವಿಶ್ವಾಸಿ,
ಅಮರನಾಥ
ಸರ್ವೇಯರ್, ಔರಾದ

ತಾ.ಕ.: ಬರುವ ವರ್ಷದಿಂದ ಕನ್ನಡಕ್ಕೂ ಇದೇ ರೀತಿ ಮೂರು ಮಟ್ಟಗಳನ್ನು ಮಾಡಲಾಗುವುದೆಂಬ ತಮ್ಮ ಸೂಚನಾ ಪತ್ರ ನಿನ್ನೆ ಕೈಸೇರಿತು. ಒಟ್ಟು ಒಂಬತ್ತು ಸಾಲುಗಳಿವೆ, ಕಾಗುಣಿತದ ತಪ್ಪುಗಳು ಹನ್ನೊಂದು. ಉಮಾಶ್ರೀ ಕೆಂಪು ಪೆನ್ನಿನಿಂದ ಗುರುತು ಹಾಕಿದ್ದಾಳೆ, ಲಗತ್ತಿಸಿದ್ದೇನೆ. ಅದನ್ನು ಯಾವ ಮಟ್ಟಕ್ಕೆ ಹಾಕಬೇಕೆಂದು ನಾನು ಕೇಳಿದ್ದಕ್ಕೆ ಅವಳು, “ಬರದವ್ರಿಗಿ ಮೊದಲ ಕೇಳಪ್ಪ, ಕಾಗುಣಿತ ಕಲಿಸೋವಾಗ ಅವ್ರಿಗೂ ಟೈಫಾಯ್ಡ್ ಬಂದಿತ್ತೇನೋ,” ಎಂದಿದ್ದಾಳೆ.