ಗುಂಪಣ್ಣನಿಗೆ ಸಿಕ್ಕ ಬಿಡುಗಡೆ

ಗುಂಪಣ್ಣ ಆ ಬೆಳಿಗ್ಗೆ ಮಾಡಬೇಕಾಗಿದ್ದ ಕೆಲಸ ಎಳ್ಳಷ್ಟು. ಬಿಸ್ಕತ್ತು ಕಾರ್ಖಾನೆಯ ಕ್ಯಾಂಟೀನಿಗೆ ಹೊಸದಾಗಿ ಬಂದ ಅಡುಗೆ ಅಕ್ಕನನ್ನು ಕಂಪ್ಯೂಟರಿನಲ್ಲಿ ‘ಸಿಬ್ಬಂದಿ’ ಎಂಬ ಗುಂಪಿಗೆ ಸೇರಿಸಬೇಕಿತ್ತು, ಅಷ್ಟೇ.

ಅವನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಬೇರೆ. ಆದರೆ ಯಾರು ಯಾವ ಗುಂಪಿನಲ್ಲಿರಬೇಕು ಎಂದು ಯಂತ್ರಕ್ಕೆ ಹೇಳುವವನು ಅವನೊಬ್ಬನೇ ಆದ್ದರಿಂದ ಎಲ್ಲರ ಬಾಯಲ್ಲೂ ಗುಂಪಣ್ಣನಾಗಿದ್ದ. ‘ಸಿಬ್ಬಂದಿ’ ಗುಂಪಿನಲ್ಲಿದ್ದರೆ ಹೆಬ್ಬೆರಳು ಒತ್ತಿದಾಗ ಬಾಗಿಲು ತೆರೆಯುತ್ತದೆ, ಕಚೇರಿಯ ಮೇಲ್ ಬರುತ್ತದೆ. ಇಲ್ಲದಿದ್ದರೆ ನೀವು ಮಾಲೀಕರ ಮಾವನೇ ಆಗಿರಿ, ಬಾಗಿಲು ಕ್ಯಾರೇ ಅನ್ನುವುದಿಲ್ಲ.

ಇನ್ನೊಂದು ಗುಂಪಿತ್ತು, ‘ತುರ್ತು ಕರೆ’. ಕೆಲಸದ ಹೊತ್ತು ಮುಗಿದ ಮೇಲೆ ಕಾರ್ಖಾನೆಯಲ್ಲಿ ಏನು ಕೆಟ್ಟರೂ ಈ ಗುಂಪಿನವರ ಫೋನು ಬಾಯಿ ಬಡಿದುಕೊಳ್ಳುತ್ತದೆ. ಗುಂಪು ಎಂದು ಹೆಸರೇ ಹೊರತು ಅದರಲ್ಲಿದ್ದವನು ಗುಂಪಣ್ಣ ಒಬ್ಬನೇ. ಸೋದರಮಾವನ ಮಗಳ ಮದುವೆಯ ಫೋಟೋಗಳಲ್ಲೆಲ್ಲ ಅವನು ಒಂದು ಕಿವಿ ಮುಚ್ಚಿಕೊಂಡು ಮೂಲೆಯಲ್ಲಿ ನಿಂತಿದ್ದಾನೆ.

ಅಂದು ಸಂಜೆ ಮಗಳ ಶಾಲೆಯಲ್ಲಿ ನಾಟಕ. ಅವಳಿಗೆ ಮೋಡದ ಪಾತ್ರ.

“ಅವಳಿಗಿರೋದು ಒಂದೇ ಒಂದು ಮಾತು. ಅದನ್ನ ನೀವು ಕೂತು ಕೇಳ್ಬೇಕು,” ಎಂದಿದ್ದಳು ಹೆಂಡತಿ. “ಆ ಫೋನ್ ಬಂತು, ಈ ಫೋನ್ ಬಂತು ಅಂತ ಎದ್ದು ಹೋದ್ರೆ ನೀವೂ ಬೇಡ, ನಿಮ್ಮ ಫೋನೂ ಬೇಡ. ಇಬ್ರೂ ಕಾರ್ಖಾನೇಲೇ ಮಲ್ಕೊಳ್ಳಿ.”

ಅವಳ ಮಾತಿನಲ್ಲಿ ತಪ್ಪೇನಿರಲಿಲ್ಲ. ಒಂದು ಸಂಜೆಯಾದರೂ ಆ ಫೋನಿನಿಂದ ತಪ್ಪಿಸಿಕೊಳ್ಳುವುದು ಹೇಗೆಂದು ಯೋಚಿಸುತ್ತಲೇ ಗುಂಪಣ್ಣ ಯಂತ್ರಕ್ಕೆ ಆಜ್ಞೆ ಬರೆಯಲು ಕುಳಿತ. ಆಜ್ಞೆಯಲ್ಲಿ ಎರಡು ಬಗೆ. ‘ಪ್ಯಾಚ್’ ಎಂದರೆ, ಇರುವವರ ಜೊತೆ ಇವರನ್ನೂ ಸೇರಿಸಿಕೋ ಎಂದು. ‘ಪುಟ್’ ಎಂದರೆ, ಇನ್ನು ಮೇಲೆ ಗುಂಪಿನಲ್ಲಿ ಇಷ್ಟೇ ಜನ, ಉಳಿದವರನ್ನು ಕೈಬಿಡು ಎಂದು. ಗುಂಪಣ್ಣ ಅಕ್ಕನ ಹೆಸರೊಂದನ್ನೇ ಬರೆದು, ಪ್ಯಾಚ್ ಬದಲು ಪುಟ್ ಕಳಿಸಿದ. ಯಂತ್ರ ಚಕಾರವೆತ್ತದೆ ‘ಆಯಿತು’ ಎಂದಿತು. ಮನುಷ್ಯರಾಗಿದ್ದರೆ ಒಂದು ಮಾತು ಕೇಳಿಯಾದರೂ ಕೇಳುತ್ತಿದ್ದರು.

ಕೆಲಸ ಮುಗಿದ ಖುಷಿಯಲ್ಲಿ ಅವನು ಟೀ ಕುಡಿಯಲು ಹೊರಬಂದ. ಹೊರಗೆ ಬರಲು ಬೆರಳು ಬೇಡ, ಒಳಗೆ ಹೋಗಲು ಮಾತ್ರ ಬೇಕು. ಟೀ ಮುಗಿಸಿ ಹೆಬ್ಬೆರಳು ಒತ್ತಿದರೆ ಕೆಂಪು ದೀಪ. ಅಂಗಿಗೆ ಒರೆಸಿ ಒತ್ತಿದರೂ ಕೆಂಪು ದೀಪ.

“ನಿಂದೂ ಹಾಗೇನಾ ಅಣ್ಣ?” ಎಂದರು ಬೆನ್ನ ಹಿಂದೆ ಲೆಕ್ಕದ ಮೇಡಂ. ಅವರ ಹಿಂದೆ ಪ್ಯಾಕಿಂಗಿನವರು, ಲಾರಿ ವಿಭಾಗದವರು, ಬಾಗಿಲು ಕಾಯುವುದೇ ಕೆಲಸವಾಗಿದ್ದ ವಾಚ್‌ಮನ್. ಹೊರಗೆ ಬಂದವರೆಲ್ಲ ಹೊರಗೇ ಉಳಿದಿದ್ದರು.

ಗುಂಪಣ್ಣನಿಗೆ ತಾನು ಕಳಿಸಿದ್ದು ಯಾವ ಆಜ್ಞೆ ಎಂದು ನೆನಪಾಯಿತು. ಅಷ್ಟರಲ್ಲಿ ತರಕಾರಿ ಬುಟ್ಟಿ ಹಿಡಿದು ಬಂದ ಅಡುಗೆ ಅಕ್ಕ “ಸ್ವಲ್ಪ ದಾರಿ ಬಿಡ್ತೀರಾ?” ಎಂದು ಹೆಬ್ಬೆರಳು ಒತ್ತಿದಳು. ಬಾಗಿಲು ಹೊಸ ಅಳಿಯನಿಗೆ ತೆರೆದಂತೆ ತೆರೆದುಕೊಂಡಿತು. ಇಡೀ ಜನ ಅವಳ ಹಿಂದೆ ಒಳಗೆ ನುಗ್ಗಿತು.

ನುಗ್ಗಿ ಪ್ರಯೋಜನವೇನು? ಒಳಗಿನ ಒಂದೊಂದು ಕೋಣೆಗೂ ಒಂದೊಂದು ಬಾಗಿಲು.

“ಅಕ್ಕಾ, ನನ್ನ ರೂಮಿಂದು ತೆಗಿಯಮ್ಮಾ!” “ಅಕ್ಕಾ, ಮೊದಲು ಪ್ಯಾಕಿಂಗ್!” “ಅಯ್ಯೋ, ಟಾಯ್ಲೆಟ್ ಕಡೆ ಬಾಗಿಲು ತೆಗೆದು ಪುಣ್ಯ ಕಟ್ಕೊಳ್ಳಿ!”

ಅಕ್ಕನಿಗೆ ಕಣ್ಣು ತುಂಬಿ ಬಂತು. ಹಿಂದಿನ ಕೆಲಸದ ಕಡೆ ಅವಳನ್ನು “ಏಯ್” ಎಂದು ಕರೆಯುತ್ತಿದ್ದರಂತೆ. “ಏನು ಒಳ್ಳೇ ಜನಾನಪ್ಪ! ಮೊದಲನೇ ದಿನಾನೇ ಎಲ್ಲಾ ಬಾಗಿಲೂ ನನ್ನ ಕೈಯಲ್ಲೇ ತೆಗೆಸ್ತಿದ್ದಾರೆ,” ಎಂದು ಅವಳು ಓಡಾಡಿ ತೆರೆದಳು. ಒಬ್ಬರು ಒಳಹೋಗುವಷ್ಟರಲ್ಲಿ ಇನ್ನೊಬ್ಬರು ಹೊರಬಂದು ಸಿಕ್ಕಿಹಾಕಿಕೊಳ್ಳುತ್ತಿದ್ದರು.

“ಅಕ್ಕಾ, ನನ್ನ ಬಾಗಿಲೊಂದು ತೆಗೆದ್ರೆ ಎಲ್ಲರದೂ ಸರಿ ಮಾಡ್ತೀನಿ,” ಎಂದು ಗುಂಪಣ್ಣ ಗೋಗರೆದ.

“ಸಾಲಲ್ಲಿ ಬನ್ನಿ!” ಎಂದು ವಾಚ್‌ಮನ್ ಗದರಿದ. ಕಾಯಲು ಬಾಗಿಲಿಲ್ಲದೆ ಅವನು ಅಕ್ಕನನ್ನು ಕಾಯತೊಡಗಿದ್ದ.

ಗುಂಪಣ್ಣನ ಸರದಿ ಬರುವ ಹೊತ್ತಿಗೆ ಅಕ್ಕನ ಫೋನಿಗೆ ಮೇಲ್ ಬಂತು. ದೊಡ್ಡ ಸಾಹೇಬರು ಈ ಗೊಂದಲ ನೋಡಲಾರದೆ, ಸಿಬ್ಬಂದಿಯೆಲ್ಲ ತಕ್ಷಣ ಸಭೆಗೆ ಬರಬೇಕು ಎಂದು ತಮ್ಮ ಕೋಣೆಯಿಂದ ಕಳಿಸಿದ್ದರು. ಗುಂಪಿನಲ್ಲಿದ್ದ ಏಕೈಕ ಸಿಬ್ಬಂದಿ ಸೆರಗು ಸರಿಮಾಡಿಕೊಂಡು ಸಭೆಗೆ ಹೊರಟಿತು.

“ನೀವೊಬ್ಬರೇನಾ?” ಎಂದರು ಸಾಹೇಬರು ಖಾಲಿ ಕುರ್ಚಿಗಳನ್ನು ನೋಡಿ.

“ಹೌದು ಸಾರ್. ಉಳಿದೋರೆಲ್ಲ ಕಾರಿಡಾರಲ್ಲಿ ಮಾತಾಡ್ಕೊಂಡು ನಿಂತಿದ್ದಾರೆ,” ಎಂದಳು ಅಕ್ಕ ಮರುಕದಿಂದ.

ಸಾಹೇಬರು ಅವಳೊಬ್ಬಳಿಗೇ ಶಿಸ್ತಿನ ಬಗ್ಗೆ ಉದ್ದಕ್ಕೂ ಭಾಷಣ ಮಾಡಿದರು. ಅಕ್ಕ ಕೊನೆಯಲ್ಲಿ ಚಪ್ಪಾಳೆ ತಟ್ಟಿದಳು. ಅಲ್ಲಿಂದ ನೇರ ಅಡುಗೆಮನೆಗೆ ಹೋಗಿ ಹಿಟ್ಟು ಕಲಸಲು ಕುಳಿತಳು. ಗುಂಪಣ್ಣ ಕ್ಯಾಂಟೀನಿನ ಕಟಕಟೆಗೆ ಜೋತುಬಿದ್ದ.

“ಅಕ್ಕಾ, ಕೈ ಮುಗೀತೀನಿ, ಒಂದು ಬೆರಳು ಕೊಡು!”

“ಇಷ್ಟು ಜನಕ್ಕೆ ಊಟ ಯಾರಪ್ಪ ಮಾಡ್ತಾರೆ? ನನ್ನನ್ನ ಇಷ್ಟು ಚೆನ್ನಾಗಿ ನೋಡ್ಕೊಂಡಿದ್ದೀರಿ, ಉಪವಾಸ ಕೆಡವಕ್ಕಾಗುತ್ತಾ?”

ಕೊನೆಗೆ ಅವಳು ಎದ್ದು ಬಂದಾಗ ಹಿಟ್ಟು ಮೆತ್ತಿದ ಬೆರಳನ್ನು ಬಾಗಿಲು ಗುರುತಿಸಲಿಲ್ಲ. ಗುಂಪಣ್ಣ ತಾನೇ ತಂಬಿಗೆಯಲ್ಲಿ ನೀರು ತಂದು, ಎಳೆಮಗುವಿನ ಬೆರಳು ತೊಳೆಯುವಂತೆ ಅವಳ ಹೆಬ್ಬೆರಳು ತೊಳೆದು, ಅಂಗಿಯ ತುದಿಯಲ್ಲಿ ಒರೆಸಿದ. ಹಸಿರು ದೀಪ ಹತ್ತಿತು.

“ನಿನ್ನ ಋಣ ಈ ಜನ್ಮದಲ್ಲಿ ತೀರಲ್ಲ ಅಕ್ಕಾ!” ಎಂದು ಒಳಗೆ ಹಾರಿದ. ಅದು ಬಾಯಿಮಾತಲ್ಲ, ಅವನಿಗೆ ಹೊಟ್ಟೆಯೊಳಗಿಂದಲೇ ಬಂದಿತ್ತು. ಅವನ ಪುಣ್ಯಕ್ಕೆ ಕಂಪ್ಯೂಟರು ಮಲಗಿರಲಿಲ್ಲ. ಗುಂಪಿನಲ್ಲಿ ಯಾರ್‍ಯಾರಿದ್ದಾರೆ ಎಂದು ಬೆಳಿಗ್ಗೆ ಆಜ್ಞೆ ಕಳಿಸುವ ಮುನ್ನ ಯಂತ್ರವನ್ನು ಕೇಳಿದ್ದಕ್ಕೆ ಬಂದಿದ್ದ ಉತ್ತರ ಪರದೆಯ ಮೇಲೆ ಹಾಗೇ ಇತ್ತು. ಆ ಹೆಸರುಗಳನ್ನೆಲ್ಲ ಹಾಕಿ, ಈ ಸಲ ‘ಪ್ಯಾಚ್’ ಎಂದು ಗಟ್ಟಿಯಾಗಿ ಓದಿಕೊಂಡು ಕಳಿಸಿದ. ಕಾರಿಡಾರಿನ ಉದ್ದಕ್ಕೂ ಬೆರಳು ಒತ್ತಿದ ಬಾಗಿಲುಗಳೆಲ್ಲ ಟಕ್ ಟಕ್ ಎಂದು ತೆರೆದುಕೊಂಡವು. ಹೋ ಎಂಬ ಜಯಕಾರ ಎದ್ದಿತು.

ಊಟದ ಹೊತ್ತಿಗೆ ದೊಡ್ಡ ಸಾಹೇಬರು ಎಲ್ಲರೆದುರು ಅವನ ಹೆಗಲ ಮೇಲೆ ಕೈಯಿಟ್ಟರು.

“ಸಾರ್, ಆ ತಪ್ಪು ಆಗಿದ್ದೇ ನನ್ನಿಂದ...” ಎಂದು ಗುಂಪಣ್ಣ ತೊದಲಿದ.

“ನೋಡಿ, ಎಂಥ ದೊಡ್ಡ ಗುಣ! ಯಂತ್ರದ ತಪ್ಪನ್ನ ತನ್ನ ಮೇಲೆ ಹಾಕ್ಕೋತಿದ್ದಾರೆ!” ಎಂದರು ಸಾಹೇಬರು. ಚಪ್ಪಾಳೆಯಲ್ಲಿ ಸತ್ಯ ಕೊಚ್ಚಿಹೋಯಿತು. “ಹೇಳಿ, ನಿಮಗೇನು ಬೇಕು?”

“ಏನೂ ಬೇಡ ಸಾರ್. ಸಂಜೆ ಮಗಳ ನಾಟಕ ಇದೆ. ಆ ತುರ್ತು ಕರೆಯಿಂದ ನನ್ನನ್ನ ಬಿಡಿಸಿದ್ರೆ ಸಾಕು.”

ಲೆಕ್ಕದ ಮೇಡಂ ಕಣ್ಣೊರೆಸಿಕೊಂಡರು. “ಇಷ್ಟು ವರ್ಷ ಅಣ್ಣ ಒಬ್ಬನೇ ಹೊತ್ತಿದ್ದಾನೆ. ಇನ್ನು ನಾವೆಲ್ಲ ಹೊರೋಣ!” “ಹೌದು, ಎಲ್ಲರೂ ಹೊರೋಣ!” ಎಂದರು ಉಳಿದವರು. ಸಾಹೇಬರು ಅಲ್ಲೇ ಅಪ್ಪಣೆ ಕೊಟ್ಟರು. ಗುಂಪಣ್ಣ ಹೋಗಿ, ಇಡೀ ಸಿಬ್ಬಂದಿಯನ್ನು ‘ತುರ್ತು ಕರೆ’ಗೆ ಸೇರಿಸಿ, ತನ್ನ ಹೆಸರನ್ನು ತೆಗೆದುಹಾಕಿದ. ಒಂದು ಅಕ್ಷರವೂ ತಪ್ಪಲಿಲ್ಲ. ಇಂಥ ಜನರ ನಡುವೆ ಕೆಲಸ ಕೊಟ್ಟ ದೇವರಿಗೆ ಮನಸ್ಸಿನಲ್ಲೇ ಕೈಮುಗಿದ.

ಸಂಜೆ ಶಾಲೆಯ ಸಭಾಂಗಣದಲ್ಲಿ ಅವನು ಮುಂದಿನ ಸಾಲಿನಲ್ಲೇ ಕುಳಿತ.

“ಫೋನು?” ಎಂದಳು ಹೆಂಡತಿ.

“ನಾನೀಗ ಆ ಗುಂಪಲ್ಲೇ ಇಲ್ಲ ಕಣೇ,” ಎಂದ. ಅವಳು ಬಹಳ ದಿನಗಳ ಮೇಲೆ ಅವನ ಕೈ ಹಿಡಿದುಕೊಂಡಳು.

ಪರದೆ ಸರಿಯಿತು. ಹತ್ತಿ ಅಂಟಿಸಿಕೊಂಡ ಮೋಡ ರೆಕ್ಕೆಯಂತೆ ಕೈ ಬಿಚ್ಚಿ ಬರುತ್ತಿತ್ತು. ಅಷ್ಟರಲ್ಲಿ ಅವನ ಫೋನು ಹೊಡೆದುಕೊಂಡಿತು.

ಬಗ್ಗಿಕೊಂಡು ಹೊರಗೆ ಓಡಿದ. ಲೆಕ್ಕದ ಮೇಡಂ. “ಅಣ್ಣಾ, ಬೆಣ್ಣೆ ಇಡೋ ತಂಪು ಕೋಣೆ ಬಿಸಿಯಾಗ್ತಿದೆ ಅಂತ ತುರ್ತು ಕರೆ ಬಂತು. ನೀನು ಆರಾಮಾಗಿರು, ನಾನು ನೋಡ್ಕೋತೀನಿ. ಏನು ಮಾಡ್ಬೇಕು ಅಂತ ಒಂದು ಹೇಳ್ಬಿಡು.”

“ಬಾಗಿಲು ಸರಿಯಾಗಿ ಹಾಕಿರಲ್ಲ ಮೇಡಂ. ವಾಚ್‌ಮನ್‌ಗೆ ಹೇಳಿ, ಒತ್ತಿ ಹಾಕ್ಲಿ.”

ಇಟ್ಟ ಕೂಡಲೇ ಪ್ಯಾಕಿಂಗಿನವರು. ಆಮೇಲೆ ಲಾರಿಯವರು. ಆಮೇಲೆ ಅಡುಗೆ ಅಕ್ಕ, “ಮೊದಲನೇ ದಿನಾನೇ ನನ್ನನ್ನ ನಂಬಿದ್ದೀರಿ, ಏನು ಮಾಡ್ಲಿ ಹೇಳಪ್ಪಾ.” ಕಾರ್ಖಾನೆಯ ಪ್ರತಿಯೊಬ್ಬರ ಫೋನೂ ಕೂಗಿತ್ತು, ಪ್ರತಿಯೊಬ್ಬರೂ ಜವಾಬ್ದಾರಿ ಹೊತ್ತಿದ್ದರು, ಏನು ಮಾಡಬೇಕೆಂದು ಮಾತ್ರ ಯಾರೊಬ್ಬರಿಗೂ ಗೊತ್ತಿರಲಿಲ್ಲ. ಫೋನ್ ಆಫ್ ಮಾಡೋಣವೆಂದರೆ ಇಷ್ಟು ಒಳ್ಳೆಯ ಮನಸ್ಸಿನವರ ಮುಖ ಕಣ್ಣೆದುರು ಬಂದು ಅವನಿಗೆ ಕೈ ಬರಲಿಲ್ಲ.

ಕೊನೆಗೆ ದೊಡ್ಡ ಸಾಹೇಬರೇ ಫೋನ್ ಮಾಡಿದರು. “ನಿಮಗೆ ಯಾರೂ ತೊಂದರೆ ಕೊಡಬಾರದು ಅಂತ ಈಗಷ್ಟೇ ಎಲ್ಲರಿಗೂ ಮೇಲ್ ಹಾಕಿದ್ದೀನಿ. ಅದನ್ನ ಹೇಳೋಣ ಅಂತಲೇ ಫೋನ್ ಮಾಡ್ದೆ. ಹೋಗಿ, ನೆಮ್ಮದಿಯಾಗಿ ನಾಟಕ ನೋಡಿ.”

ಗುಂಪಣ್ಣ “ತುಂಬಾ ಉಪಕಾರ ಸಾರ್,” ಎಂದು ಸಭಾಂಗಣದ ಬಾಗಿಲಿಗೆ ಕೈ ಹಾಕಿದ. ಒಳಗಿನಿಂದ ದೊಡ್ಡ ಚಪ್ಪಾಳೆ ಕೇಳಿಸಿತು. ಬಾಗಿಲು ತೆರೆದು ಹತ್ತಿಯ ಮೋಡ ಓಡಿಬಂದು ಅವನ ಸೊಂಟಕ್ಕೆ ಅಂಟಿಕೊಂಡಿತು. ಹಿಂದೆ ಹೆಂಡತಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು.

“ಅಪ್ಪಾ, ನನ್ನ ಮಾತು ಕೇಳಿಸ್ತಾ?”

ಅವನು ಬಾಯಿ ತೆರೆಯುವಷ್ಟರಲ್ಲಿ ಫೋನು ಮತ್ತೆ ಹೊಡೆದುಕೊಂಡಿತು.

“ಅಣ್ಣಾ,” ಎಂದರು ಲೆಕ್ಕದ ಮೇಡಂ ಪಿಸುದನಿಯಲ್ಲಿ, “ಸಾಹೇಬರ ಮೇಲ್ ನೋಡ್ದೆ. ಇನ್ನು ನಿನಗೆ ಫೋನ್ ಮಾಡಲ್ಲ ಅಂತ ಹೇಳೋಕೆ ಮಾಡ್ದೆ. ಬೇಗ ಇಡು, ನನ್ನ ಹಿಂದೆ ಎಲ್ಲರೂ ಅದನ್ನ ಹೇಳೋಕೇ ಕಾಯ್ತಿದ್ದಾರೆ.”