ನಮ್ಮ ಕೆರೆಯ ಕಾದಂಬರಿ ಮುಗಿಸಿದವರು

ದಪ್ಪ ಪುಸ್ತಕ ಕೈಗೆತ್ತಿಕೊಂಡ ಮನುಷ್ಯನನ್ನು ನೆಮ್ಮದಿಯಾಗಿ ಓದಲು ಬಿಟ್ಟ ಉದಾಹರಣೆ ನಮ್ಮ ಬನಶಂಕರಿ ಕಡೆ ಇಲ್ಲವೇ ಇಲ್ಲ. ನಮ್ಮ ಬಡಾವಣೆಯ ಹಳೆಯ ಕೆರೆಯ ಮೇಲೆ ಒಬ್ಬರು ಐತಿಹಾಸಿಕ ಕಾದಂಬರಿ ಬರೆದರು. ಭಾನುವಾರ ಬಡಾವಣೆ ಸಂಘದ ಸಭಾಂಗಣದಲ್ಲಿ ಅದರ ಸಂವಾದ. ಲೇಖಕರೂ ಬರುತ್ತಾರೆ. ಕೊನೆಯ ಅಧ್ಯಾಯದ ಬಗ್ಗೆ ನಾನೇ ಮಾತಾಡುತ್ತೇನೆಂದು ಜಂಬದಿಂದ ಒಪ್ಪಿಕೊಂಡುಬಿಟ್ಟೆ. ಮುಗಿಸದಿದ್ದರೆ ಬೀದಿಯಲ್ಲಿ ತಲೆಯೆತ್ತಿ ತಿರುಗುವ ಹಾಗಿರಲಿಲ್ಲ.

ದಂಡನಾಯಕನ ಸವಾರಿ

ಗೊತ್ತಿರುವ ಊರು, ಸಲೀಸಾಗಿ ಓದಬಹುದು ಅಂದುಕೊಂಡಿದ್ದೆ. ವಂಶಾವಳಿ, ಶಾಸನ, ಮತ್ತೆ ವಂಶಾವಳಿ. ಒಂದೊಂದು ವಾಕ್ಯವೂ ಅರ್ಧ ಪುಟ.

"ಎಲ್ಲಿಗೆ ಬಂತು?" ಎಂದಳು ಹೆಂಡತಿ.

"ದಂಡನಾಯಕ ಕೋಟೆಯಿಂದ ಹೊರಟು ನೂರು ಪುಟ ಆಯ್ತು ಕಣೇ. ಇನ್ನೂ ನಮ್ಮ ಕೆರೆ ತಲುಪಿಲ್ಲ."

"ಬನಶಂಕರಿ ದೇವಸ್ಥಾನದ ಹತ್ರ ಟ್ರಾಫಿಕ್ಕಲ್ಲಿ ಸಿಕ್ಕಾಕ್ಕೊಂಡಿರ್ತಾನೆ ಬಿಡಿ. ಇವತ್ತು ಶುಕ್ರವಾರ ಅಲ್ವಾ?"

ಓದಿ ಮುಗಿಸಿದ ಮಿತ್ರರು

ಪಾರ್ಕಿನಲ್ಲಿ ಜೊತೆಗೆ ವಾಕಿಂಗ್ ಮಾಡುವ ನಿವೃತ್ತ ಮೇಷ್ಟರು "ಅದ್ಭುತ ಸಾರ್, ಒಂದೇ ಉಸಿರಿಗೆ ಮುಗಿಸಿದೆ" ಎಂದರು. ಕೊನೆಗೇನಾಗುತ್ತದೆ ಎಂದು ಆಸೆಯಿಂದ ಕೇಳಿದೆ.

"ಹೇಳಿಬಿಟ್ರೆ ಮಜಾ ಹೋಗುತ್ತೆ ಸಾರ್."

ನನ್ನ ಪ್ರತಿಯಲ್ಲಿ ಹಾಳೆಗಳು ಅಂಟಿಕೊಂಡಿವೆ ಎಂದು ಸುಳ್ಳು ಹೇಳಿ ಅವರದನ್ನೇ ಕೇಳಿದೆ, ಕೊನೆಯಲ್ಲಿ ಗೆರೆಗಿರೆ ಹಾಕಿರಬಹುದೆಂದು. ಮನೆಯಿಂದ ತಂದುಕೊಟ್ಟರು. ಮೇಲಿನ ಪ್ಲಾಸ್ಟಿಕ್ ಹೊದಿಕೆಯನ್ನೇ ಬಿಚ್ಚಿರಲಿಲ್ಲ. ನಾನು ಅವರ ಮುಖ ನೋಡಿದೆ.

"ಜೋಪಾನ ಸಾರ್," ಎಂದರು, "ಪುಸ್ತಕ ಹಾಳಾಗದ ಹಾಗೆ ಓದೋದು ನನ್ನ ಅಭ್ಯಾಸ."

ಸಂವಾದ

ಭಾನುವಾರ ಬಂದೇಬಿಟ್ಟಿತು. ನನ್ನ ದಂಡನಾಯಕ ಇನ್ನೂ ದಾರಿಯಲ್ಲೇ ಇದ್ದ. ನನಗಿಂತ ಮುಂಚೆ ಮಾತಾಡಿದ ಮೂವರೂ ದಂಡನಾಯಕ ಹೊರಡುವ ಆ ಉದ್ದನೆಯ ಮೊದಲನೇ ಅಧ್ಯಾಯವನ್ನೇ ಹೊಗಳಿದರು. ಅಲ್ಲಿಗೆ ನಾನು ಓದಿದ್ದಷ್ಟೂ ಖರ್ಚಾಯಿತು. ನನ್ನ ಸರದಿ ಬಂತು. ಮುಂದಿನ ಸಾಲಿನಲ್ಲಿ ಗೌಡರು ಕೂತಿದ್ದರು. ಇದು ಹಳ್ಳಿಯಾಗಿದ್ದಾಗ ಇಲ್ಲಿ ರಾಗಿ ಬೆಳೆದವರು, ಈಗ ಕಲ್ಯಾಣ ಮಂಟಪದ ಮಾಲೀಕರು, ನನಗೆ ಸೈಟು ಮಾರಿದವರೂ ಅವರೇ. "ಕೆರೆಯ ಕೊನೆ ಏನಾಯಿತೆಂದು ಮೂಲ ನಿವಾಸಿಗಳೇ ಹೇಳಿದರೆ ಚೆನ್ನ" ಎಂದು ಮೈಕು ಅವರ ಕೈಗಿಟ್ಟು ಕೂತೆ.

ಗೌಡರು ಎದ್ದರು. "ಪುಸ್ತಕ ನಾನು ಓದಿಲ್ಲ. ಕೆರೆ ಕಥೆ ಗೊತ್ತು. ರಾಜರು ಕಟ್ಸಿದ್ರು, ನಾವು ಸೈಟ್ ಮಾಡಿದ್ವಿ, ನೀವು ತಗೊಂಡ್ರಿ. ಈಗ ನೀವೆಲ್ಲ ಕೂತಿರೋದೇ ಕೆರೆ ಮಧ್ಯದಲ್ಲಿ."

ಲೇಖಕರು ಪಾಪ, ಮುಖ ಸಣ್ಣ ಮಾಡಿಕೊಂಡು, "ನಾನು ಹಾಗೆ ಮುಗಿಸಿಲ್ಲ. ಕೊನೆಯಲ್ಲಿ ಕೆರೆ ತುಂಬಿ ಕೋಡಿ ಬೀಳುತ್ತದೆ" ಎಂದರು.

"ಅದೂ ಸರೀನೇ ಸಾರ್," ಎಂದ ಗೌಡರು ನನ್ನ ಕಡೆ ಕೈ ತೋರಿಸಿದರು. "ಹೋದ ಮಳೇಲಿ ಇವರ ಬೇಸ್‌ಮೆಂಟಲ್ಲಿ ಬಿತ್ತಲ್ಲ."